ಜಿಬ್ ಹಗ್ಗ ಜಾರುತ್ತಿದೆಯಾ? ಮಳೆಗಾಲಕ್ಕೆ ಮುಂಚೆ ಕ್ಲೀಟ್ ಬದಲಿಸಿ

ಬೇಸಿಗೆಯಲ್ಲಿ ಗೊರೂರಿನ ಹೇಮಾವತಿ ಹಿನ್ನೀರು ಕೆಳಗಿಳಿದಿರುತ್ತದೆ. ಹಾಯಿದೋಣಿ ಇಟ್ಟುಕೊಂಡವರಿಗೆ ಅದನ್ನು ದಡಕ್ಕೆಳೆದು ರಿಪೇರಿ ಮಾಡಲು ಇದೇ ಒಳ್ಳೆ ಸಮಯ. ಮುಂಗಾರಿನ ಗಾಳಿ ಶುರುವಾದ ಮೇಲೆ ಹಾಯಿಯ ಹಗ್ಗ ಜಾರದಂತೆ ಹಿಡಿದಿಡುವ ಕ್ಲೀಟ್ ಸವೆದಿದ್ದರೆ, ಅದನ್ನು ನಂಬಿ ನೀರಿಗಿಳಿಯುವುದು ಬೇಡ.

ಕಂಬದ ಮುಂದಿರುವ ಚಿಕ್ಕ ಹಾಯಿಯೇ ಜಿಬ್. ಅದನ್ನು ಎಳೆಯುವ ಹಗ್ಗ ಜಿಬ್ ಶೀಟ್. ಎಡಕ್ಕೊಂದು, ಬಲಕ್ಕೊಂದು ಕ್ಲೀಟ್ ಇರುತ್ತದೆ. ಅದರಲ್ಲಿ ಸ್ಪ್ರಿಂಗ್ ಮತ್ತು ಹಲ್ಲುಗಳಿರುವ ಎರಡು ಕ್ಯಾಮ್‌ಗಳು ದವಡೆಯಂತೆ ಹಗ್ಗವನ್ನು ಕಚ್ಚಿ ಹಿಡಿಯುತ್ತವೆ. ಲೇಸರ್, ಆಪ್ಟಿಮಿಸ್ಟ್ ದೋಣಿಗಳಿಗೆ ಜಿಬ್ಬೇ ಇಲ್ಲ. ಜಿಬ್ ಇರುವ ಎಂಟರ್‌ಪ್ರೈಸ್, 420 ದೋಣಿ ಇದ್ದವರು ಮುಂದೆ ಓದಿ.

ಹಗ್ಗ ಜಾರಿತು ಅಂತ ಕೂಡಲೇ ಹೊಸ ಕ್ಲೀಟ್ ತರಬೇಡಿ. ಮೊದಲು ಚೆನ್ನಾಗಿ ನೀರು ಬಿಟ್ಟು ತೊಳೆಯಿರಿ. ಎಷ್ಟೋ ಸಲ ಒಳಗೆ ಸೇರಿದ ಮರಳೇ ಕಾರಣ. ಎಣ್ಣೆ, ಗ್ರೀಸ್ ಹಾಕಿದರೆ ಇನ್ನೂ ಜಾಸ್ತಿ ಮರಳು ಅಂಟುತ್ತದೆ. ಹಗ್ಗವೇ ಸವೆದು ನುಣುಪಾಗಿದೆಯಾ ಅಂತಲೂ ನೋಡಿ. ಆಮೇಲೆ ಬೆರಳಿನಿಂದ ಕ್ಯಾಮ್ ತೆರೆದು ಬಿಡಿ, ಥಟ್ಟನೆ ಮುಚ್ಚಬೇಕು. ಮುಚ್ಚಲು ತಡವಾದರೆ, ಅಥವಾ ಹಲ್ಲಿನ ತುದಿ ದುಂಡಗಾಗಿದ್ದರೆ, ಎರಡೂ ಬದಿಯವನ್ನು ಒಟ್ಟಿಗೇ ಬದಲಿಸಿ.

ಕೊಳ್ಳುವ ಮುಂಚೆ ಎರಡು ಬೋಲ್ಟ್ ತೂತುಗಳ ನಡುವಿನ ಅಂತರ ಅಳೆಯಿರಿ. ಚಿಕ್ಕ ಕ್ಲೀಟ್‌ಗೆ ಸಾಮಾನ್ಯವಾಗಿ 27 ಮಿ.ಮೀ., ದೊಡ್ಡದಕ್ಕೆ 38 ಮಿ.ಮೀ. ಅಳತೆ ಕೂಡಿದರೆ ಹೊಸ ತೂತು ಕೊರೆಯುವ ಕೆಲಸವೇ ಇಲ್ಲ. ಕ್ಲೀಟನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಸ್ಟೇನ್‌ಲೆಸ್ ಬೋಲ್ಟ್, ಅಗಲ ವಾಷರ್, ಸಡಿಲವಾಗದ ನೈಲಾಕ್ ನಟ್‌ಗಳನ್ನು ಹಾಸನದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ.

ಬಿಚ್ಚಲು ಇಬ್ಬರು ಬೇಕು. ಒಬ್ಬರು ಮೇಲೆ ಸ್ಕ್ರೂಡ್ರೈವರ್ ಹಿಡಿದರೆ ಇನ್ನೊಬ್ಬರು ಕೆಳಗೆ ಸ್ಪ್ಯಾನರ್‌ನಿಂದ ನಟ್ ತಿರುಗಿಸಬೇಕು. ಕ್ಲೀಟ್ ತೆಗೆದ ಮೇಲೆ ತೂತಿನೊಳಗೆ ಕಡ್ಡಿಯಿಂದ ಚುಚ್ಚಿ ನೋಡಿ. ಇದನ್ನು ಬಿಡಲೇಬೇಡಿ. ಫೈಬರ್ ಪದರಗಳ ನಡುವೆ ಮರವಿದ್ದು, ಅದು ಮೆತ್ತಗಾಗಿದ್ದರೆ ನೀರು ಇಳಿದಿದೆ ಅಂತ ಅರ್ಥ. ಕೊಳೆತಿದ್ದನ್ನೆಲ್ಲ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಸುಮ್ನೆ ಮೇಲೆ ನೀರು ತಡೆಯುವ ಸೀಲೆಂಟ್ ಬಳಿದರೆ ಒಂದು ಜೋರು ಗಾಳಿಗೆ ಕ್ಲೀಟ್ ಕಿತ್ತು ಬರಬಹುದು.

ಜೋಡಿಸುವಾಗ ದಿಕ್ಕು ಮುಖ್ಯ. ಹಾಯಿ ಎಳೆದಾಗ ಕ್ಯಾಮ್ ಮುಚ್ಚಬೇಕು, ನೀವು ಎಳೆದಾಗ ತೆರೆಯಬೇಕು. ಪುಲ್ಲಿಯಿಂದ ಬರುವ ಹಗ್ಗ ನೇರವಾಗಿ ಕ್ಲೀಟ್‌ನ ಬಾಯಿಗೆ ಬೀಳಬೇಕು. ತೂತಿನ ಸುತ್ತ ಸೀಲೆಂಟ್ ಹಚ್ಚಿ, ಬೋಲ್ಟ್ ಅಲುಗದಂತೆ ಹಿಡಿದು ಕೆಳಗಿನ ನಟ್ ಮಾತ್ರ ತಿರುಗಿಸಿ. ಬೋಲ್ಟ್ ತಿರುಗಿದರೆ ಸೀಲೆಂಟ್ ಕಿತ್ತುಹೋಗುತ್ತದೆ. ತೀರಾ ಬಿಗಿದರೆ ಕ್ಯಾಮ್ ಸಿಕ್ಕಿಕೊಳ್ಳುತ್ತದೆ. ಗಟ್ಟಿಯಾಗಿ ಅಂಟುವ ಪಾಲಿಯುರೆಥೇನ್ ಸೀಲೆಂಟ್ ಬೇಡ, ಮುಂದಿನ ಸಲ ಬಿಚ್ಚಬೇಕಲ್ವಾ?

ಈಗ ಪರೀಕ್ಷೆ. ಕ್ಲೀಟ್ ಹಿಡಿಯುತ್ತದೆಯೇ ಅಂತ ಎಲ್ಲರೂ ನೋಡುತ್ತಾರೆ. ನಾನು ಹೇಳುವುದು, ಬಿಡುತ್ತದೆಯೇ ನೋಡಿ. ಹಗ್ಗ ಜಾರಿದರೆ ಕೈ ನೋಯುತ್ತದೆ. ಬಿರುಗಾಳಿಯಲ್ಲಿ ಹಗ್ಗ ಬಿಡದಿದ್ದರೆ ದೋಣಿಯೇ ಮಗುಚಬಹುದು. ದಡದಲ್ಲೇ ಒಬ್ಬರು ಹಾಯಿಯ ಕಡೆಯಿಂದ ಬಲವಾಗಿ ಎಳೆದು ಹಿಡಿಯಲಿ. ಇನ್ನೊಬ್ಬರು ದೋಣಿಯ ಅಂಚಿನಲ್ಲಿ ಕೂತು, ಮೈ ಹೊರಚಾಚಿ, ಹಗ್ಗವನ್ನು ಸ್ವಲ್ಪ ಎಳೆದು ಮೇಲಕ್ಕೆತ್ತಲಿ. ಒಂದೇ ಸಲಕ್ಕೆ ಬಿಡದಿದ್ದರೆ ಕ್ಲೀಟ್ ಕೆಳಗೆ ಓರೆ ತುಂಡು ಕೊಟ್ಟು ಕೋನ ಸರಿಪಡಿಸಿ, ಮತ್ತೆ ಎಳೆದು ನೋಡಿ.