ದೋಟಿಯ ಹಿಡಿಕೆಗೆ ರಬ್ಬರ್ ಪಟ್ಟಿ ಪ್ರಿಂಟ್ ಮಾಡಿದ ನನ್ನ ಅನುಭವ

ನಮ್ಮ ಅಡಿಕೆ ತೋಟದಲ್ಲಿ ಈಗ ಕೊನೆ (ಅಡಿಕೆ ಗೊನೆ) ಕೊಯ್ಲು ದೋಟಿಯಲ್ಲೇ, ಅಂದರೆ ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲಿನಲ್ಲೇ, ನಡೆಯುತ್ತದೆ. ಕಾರ್ಬನ್ ಫೈಬರ್ ದೋಟಿ ಹಗುರ ನಿಜ. ಆದರೂ ದಿನವಿಡೀ ತಲೆ ಎತ್ತಿ ಅದನ್ನು ಹಿಡಿದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿಗೆ ಕೊನೆ ಕೊಯ್ಯಲು ಬರುವ ಕೊನೆಗಾರರು ಒಂದು ಸಂಜೆ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಇರಲಾಗಲಿಲ್ಲ. ಯಾವ ಹೊತ್ತಿಗೆ ಎಷ್ಟು ಬಿಗಿ ಹಿಡಿಯುತ್ತಾರೆ ಎಂದು ಅಳೆಯಬೇಕು ಅನ್ನಿಸಿತು. ಹಿಡಿಕೆಗೆ ಸುತ್ತುವಂಥ ಮೆತ್ತಗಿನ ಪಟ್ಟಿಯೊಂದನ್ನು ಶಿರಸಿಯ ಮನೆಯಲ್ಲೇ ಪ್ರಿಂಟ್ ಮಾಡಲು ಕೂತೆ.

ಪಟ್ಟಿಯ ಕೆಲಸ ಸರಳ. ಮೇಲೆ ಕೆಳಗೆ ಕರೆಂಟು ಹರಿಯುವ ಎರಡು ಪದರ, ನಡುವೆ ಸಿಲಿಕೋನ್ ರಬ್ಬರ್. ಒತ್ತಿದರೆ ರಬ್ಬರ್ ತೆಳ್ಳಗಾಗುತ್ತದೆ, ಕೆಪಾಸಿಟೆನ್ಸ್ (ಆ ಎರಡು ಪದರ ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ) ಏರುತ್ತದೆ. 3 ಸೆಂ.ಮೀ. ಚೌಕ, ಅರ್ಧ ಮಿ.ಮೀ. ದಪ್ಪದ ತುಂಡಿಗೆ ಮೀಟರ್ 48 ಪಿಕೋಫ್ಯಾರಡ್ (ಕೆಪಾಸಿಟೆನ್ಸಿನ ಬಹಳ ಸಣ್ಣ ಅಳತೆ) ತೋರಿಸಿತು. ವೈರ್ ಅಲುಗಿದರೂ ಅಷ್ಟರಲ್ಲಿ ವ್ಯತ್ಯಾಸ ಬರುತ್ತಿತ್ತು. ಕೆಪಾಸಿಟೆನ್ಸನ್ನು ಒಂದು ವಸ್ತು ಎಷ್ಟು ಪಟ್ಟು ಏರಿಸುತ್ತದೆ ಎಂಬುದು ಅದರ ಪರ್ಮಿಟಿವಿಟಿ. ಸಿಲಿಕೋನಿನದ್ದೇ ಸುಮಾರು 3, ಅದನ್ನು ಏರಿಸಬೇಕಿತ್ತು. ಬೇರಿಯಂ ಟೈಟನೇಟ್ ಪುಡಿಯದ್ದು ಸಾವಿರದ ಮೇಲಿದೆ. ಅದನ್ನೇ ತರಿಸಿದೆ.

100 ಗ್ರಾಂ ರಬ್ಬರಿಗೆ 20 ಗ್ರಾಂ ಪುಡಿ ಹಾಕಿದೆ. ಮೀಟರ್ 53 ತೋರಿಸಿತು. ಸಾವಿರದ ಪುಡಿ ಹಾಕಿ ಬಂದದ್ದು ಐದೇ ಐದು. ಎರಡು ದಿನ ಮೀಟರನ್ನೇ ಅನುಮಾನಿಸಿದೆ.

ತಪ್ಪು ತಕ್ಕಡಿಯಲ್ಲಿತ್ತು. ಈ ಪುಡಿ ರಬ್ಬರಿಗಿಂತ ಆರು ಪಟ್ಟು ಭಾರ. 20 ಗ್ರಾಂ ಎಂದರೆ ಒಂದು ಚಮಚವೂ ಅಲ್ಲ, ಬರೀ 3.3 ಸಿಸಿ. ರಬ್ಬರಿನೊಳಗೆ ಅದು ತುಂಬುವ ಜಾಗ ನೂರಕ್ಕೆ ಮೂರೂವರೆಯೂ ಆಗುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಜಾಗ, ತೂಕ ಅಲ್ಲ. ರಬ್ಬರಿನಷ್ಟೇ ತೂಕದ ಪುಡಿ ಹಾಕಿದಾಗ ಜಾಗದ ಲೆಕ್ಕದಲ್ಲಿ 15 ಪರ್ಸೆಂಟ್ ಆಯಿತು, ಮೀಟರ್ 73ಕ್ಕೆ ಬಂತು.

ಇನ್ನೊಂದು ವಿಷಯ ತಿಳಿಯಲು ತಡವಾಯಿತು. ಕಣಗಳು ರಬ್ಬರಿನಲ್ಲಿ ಬಿಡಿಬಿಡಿಯಾಗಿ ಕೂತಿರುವಾಗ ವಿದ್ಯುತ್ ಕ್ಷೇತ್ರದ ಹೆಚ್ಚಿನ ಪಾಲು ರಬ್ಬರಿನಲ್ಲೇ ಉಳಿಯುತ್ತದೆ. ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ನಡುವೆ ನಾಲ್ಕು ಕಡೆ ಡಾಂಬರು ಎಷ್ಟೇ ನುಣುಪಾಗಿರಲಿ, ದೇವಿಮನೆ ಘಟ್ಟದ ತಿರುವಿನಲ್ಲಿ ಆಗುವ ತಡ ಆಗಿಯೇ ಆಗುತ್ತದೆ ಅಲ್ವಾ? ಹಾಗೆಯೇ ಇದು. ಪುಡಿಯದ್ದು ಸಾವಿರವೋ ಎರಡು ಸಾವಿರವೋ ಎಂಬುದರಿಂದ ಇಷ್ಟು ಪ್ರಮಾಣದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಪರ್ಮಿಟಿವಿಟಿ ನೂರರ ಆಸುಪಾಸಿರುವ, ಅಗ್ಗದ ರೂಟೈಲ್ ಟೈಟಾನಿಯಂ ಡೈಆಕ್ಸೈಡನ್ನು ಅಷ್ಟೇ ಜಾಗಕ್ಕೆ ಹಾಕಿ ನೋಡಿದೆ. 70 ಬಂತು! ತೂಕವೂ ಕಡಿಮೆ, ತಳಕ್ಕೆ ಇಳಿಯುವುದೂ ಕಡಿಮೆ. ಈಗ ಅದನ್ನೇ ಬಳಸುತ್ತೇನೆ.

ಜುಲೈಯಲ್ಲಿ ಒಂದು ತುಂಡು 110 ತೋರಿಸಿತು. ತುಂಬಾ ಖುಷಿಯಾಯಿತು. ಆದರೆ ಅದು ಮೀಟರಿನ ಫ್ರೀಕ್ವೆನ್ಸಿ 1 ಕಿಲೋಹರ್ಟ್ಸಿನಲ್ಲಿದ್ದಾಗಿನ ಲೆಕ್ಕ. 100 ಕಿಲೋಹರ್ಟ್ಸಿಗೆ ತಿರುಗಿಸಿದರೆ 74. ಹೆಚ್ಚಿಗೆ ಬಂದದ್ದು ಮಳೆಗಾಲದ ತೇವದಿಂದ. ಡಬ್ಬಿಯಲ್ಲಿ ಮುಚ್ಚಿಟ್ಟ ಉಪ್ಪೇ ನೀರಾಗುವ ಊರಿನಲ್ಲಿ ಪುಡಿ ಒಣಗಿದ್ದೀತೇ! ಆಮೇಲೆ ಪ್ರತಿ ಸಲ ಪುಡಿಯನ್ನು ಓವನ್ನಿನಲ್ಲಿ 120 ಡಿಗ್ರಿಗೆ ನಾಲ್ಕು ಗಂಟೆ ಒಣಗಿಸಿ, ಬಿಸಿ ಆರುವ ಮೊದಲೇ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ಎರಡೂ ಲೆಕ್ಕ ಹತ್ತಿರ ಬಂದವು. ಯಾರಾದರೂ ಇದನ್ನು ಮಾಡುವುದಾದರೆ ದಯವಿಟ್ಟು ಒಂದೇ ಫ್ರೀಕ್ವೆನ್ಸಿಯ ಅಳತೆ ನಂಬಬೇಡಿ.

ಕೆಪಾಸಿಟೆನ್ಸ್ ಏರಿದ ಮೇಲೂ ಒತ್ತಿದಾಗಿನ ವ್ಯತ್ಯಾಸ ಮಾತ್ರ ಏರಲಿಲ್ಲ. ಪುಡಿ ಹಾಕಿದಷ್ಟೂ ರಬ್ಬರ್ ಗಟ್ಟಿಯಾಗುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಹಾಗಾಗಿ ಮೊದಲೇ ಮೆತ್ತಗಿರುವ ಸಿಲಿಕೋನ್ ತೆಗೆದುಕೊಂಡೆ. ಜೊತೆಗೆ ನಡುವಿನ ಪದರವನ್ನು ಇಡೀ ಹಾಳೆಯಾಗಿ ಪ್ರಿಂಟ್ ಮಾಡುವ ಬದಲು ಸಣ್ಣ ಗೆರೆಗಳಾಗಿ ಬಿಟ್ಟೆ. ರಬ್ಬರಿಗೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲದಿದ್ದರೆ ಅದು ತೆಳ್ಳಗಾಗುವುದೇ ಇಲ್ಲ. ಗೆರೆ ಬಿಟ್ಟದ್ದರಿಂದ ಒಟ್ಟು ಕೆಪಾಸಿಟೆನ್ಸ್ ಸ್ವಲ್ಪ ಇಳಿಯಿತು, ಒತ್ತಿದಾಗಿನ ಏರಿಕೆ ಮಾತ್ರ ಚೆನ್ನಾಗಿ ಕಾಣಿಸಿತು.

ಮೇಲೆ ಕೆಳಗಿನ ಪದರಕ್ಕೆ ಅದೇ ಸಿಲಿಕೋನಿನಲ್ಲಿ ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಇಂಗಾಲದ ಪುಡಿ) ಕಲಸಿದೆ. ಇದರ ಸ್ವಭಾವವೇ ಬೇರೆ. ತೂಕದಲ್ಲಿ 2 ಪರ್ಸೆಂಟಿಗೆ ಏನೂ ಇಲ್ಲ, 4ಕ್ಕೂ ಏನೂ ಇಲ್ಲ, 8ಕ್ಕೆ ಒಮ್ಮೆಲೇ ಕರೆಂಟು ಹರಿಯಿತು. ಕಣಕ್ಕೆ ಕಣ ತಾಗಿ ಈ ತುದಿಯಿಂದ ಆ ತುದಿಗೆ ಸರಪಳಿ ಆಗುವವರೆಗೂ ದಾರಿಯೇ ಇರುವುದಿಲ್ಲ. ಮಿಕ್ಸರಿನಲ್ಲಿ ಜಾಸ್ತಿ ಹೊತ್ತು ತಿರುಗಿಸಿದಾಗ ರೆಸಿಸ್ಟೆನ್ಸ್ ಮತ್ತೆ ಏರಿತು, ಆ ಸರಪಳಿ ತುಂಡಾಗಿತ್ತು. ಬಿಳಿ ಪುಡಿಯ ಗಂಟು ಒಡೆಯಲು ಎಷ್ಟು ತಿಕ್ಕಿದರೂ ನಡೆಯುತ್ತದೆ, ಕಪ್ಪು ಪುಡಿಗೆ ಹಗುರ ಕೈ ಬೇಕು.

ಪ್ರಿಂಟಿಂಗ್ ವಿಷಯದಲ್ಲಿ ಅಮ್ಮನ ತೊಡೆದೇವು ನೆನಪಾಗುತ್ತಿತ್ತು. ಮಡಕೆಯ ಬೆನ್ನ ಮೇಲೆ ಹಿಟ್ಟು ತೊಡೆಯುವಾಗ ಕೈ ಒಂದೇ ಒತ್ತಡದಲ್ಲಿ, ನಿಲ್ಲದೆ ಸಾಗಬೇಕು. ಇದೂ ಹಾಗೆ. ಪ್ಲಾಸ್ಟಿಕ್ ಹಾಳೆಯಲ್ಲಿ ಆಕಾರ ಕತ್ತರಿಸಿ, ಅದರ ಮೇಲೆ ಕಲಸಿದ್ದನ್ನು ಬ್ಲೇಡಿನಿಂದ ಎಳೆದೆ. ಮೊದಲ ತುಂಡುಗಳನ್ನು ರಾತ್ರಿಯಿಡೀ ಹಾಗೇ ಗಟ್ಟಿಯಾಗಲು ಬಿಟ್ಟಿದ್ದೆ. ಬೆಳಿಗ್ಗೆ ಅಡ್ಡ ಕೊಯ್ದು ನೋಡಿದರೆ ತಳದಲ್ಲಿ ಸುಣ್ಣದಂಥ ಬಿಳಿ ಪದರ, ಮೇಲೆ ಬರೀ ರಬ್ಬರ್. ಈಗ ಎಳೆದ ಕೂಡಲೇ 70 ಡಿಗ್ರಿಯಲ್ಲಿ ಇಡುತ್ತೇನೆ, ಪುಡಿ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ. ಪ್ಲಾಟಿನಂ ಕ್ಯೂರ್ (ಪ್ಲಾಟಿನಂನಿಂದ ಗಟ್ಟಿಯಾಗುವ) ಸಿಲಿಕೋನ್ ಆದರೆ ಲೇಟೆಕ್ಸ್ ಗ್ಲೌಸ್ ಬೇಡ. ಅದರ ಗಂಧಕ ತಾಗಿದ ಕಡೆ ರಬ್ಬರ್ ಅಂಟಂಟಾಗಿಯೇ ಉಳಿಯುತ್ತದೆ. ನೈಟ್ರೈಲ್ ಹಾಕಿಕೊಳ್ಳಿ. ಪುಡಿ ತೂಗುವಾಗ ಮಾಸ್ಕ್ ಇರಲಿ.

ಡಿಸೆಂಬರಿನಲ್ಲಿ ಪಟ್ಟಿಯನ್ನು ದೋಟಿಗೆ ಸುತ್ತಿದೆವು. ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ. ಹಾಗಾಗಿ ಅಡಿಯಲ್ಲಿ ಒಂದು ಪದರ ಬರೀ ರಬ್ಬರ್ ಕೊಟ್ಟು, ದೋಟಿಯ ಕಡೆಗಿರುವ ಕಪ್ಪು ಪದರವನ್ನು ಗ್ರೌಂಡಿಗೆ ಜೋಡಿಸಿದ ಮೇಲೆಯೇ ಅಳತೆ ಸ್ಥಿರವಾಯಿತು. ಕೊನೆ ಕೊಯ್ಯುವಾಗ ಹಿಡಿತ ಬಿಗಿ ಇರುತ್ತದೆ ಅಂದುಕೊಂಡಿದ್ದೆ. ಎತ್ತಿದ ದೋಟಿಯನ್ನು ಮುಂದಿನ ಮರಕ್ಕೆ ಒಯ್ಯುವಾಗ ಅದಕ್ಕಿಂತ ಬಿಗಿ ಇತ್ತು. ಗ್ರಾಫ್ ತೋರಿಸಿದೆ. ಕೊನೆಗಾರರು ಸ್ವಲ್ಪ ಹೊತ್ತು ನೋಡಿದರು. "ಹೌದ್ರಾ, ಆಗ್ಲೇ ತುದಿ ಎಳೀತದೆ" ಅಂದರು. ಮಾರನೆಯ ದಿನದಿಂದ ಮರದಿಂದ ಮರಕ್ಕೆ ಹೋಗುವಾಗ ದೋಟಿಯನ್ನು ಒಂದು ಹಂತ ಇಳಿಸಿಕೊಂಡು ನಡೆಯತೊಡಗಿದರು.