ಎರಡು ಮಾನಿಟರ್, ಒಂದೇ ಕೀಬೋರ್ಡ್: ಟೈಪ್ ಮಾಡಿದ್ದು ಬೇಕಾದ ವಿಂಡೋಗೇ ಹೋಗಬೇಕೆಂದರೆ

ಎಡಗಡೆ ಸ್ಕ್ರೀನಿನ ಎಕ್ಸೆಲ್ ನೋಡುತ್ತ ಅಂಕಿ ಹೊಡೆಯುತ್ತೀರಿ, ಅವು ಹೋಗಿ ಕೂರುವುದು ಬಲಗಡೆಯ ಚಾಟ್‌ನಲ್ಲಿ. ಎಂಟರ್ ಒತ್ತಿದ್ದರೆ ಮೆಸೇಜೂ ಹೋಗಿರುತ್ತದೆ. ಅಂಕಿಯ ಜಾಗದಲ್ಲಿ ಪಾಸ್‌ವರ್ಡ್ ಇದ್ದರೆ ಗತಿ ಏನೆಂದು ಹೇಳಬೇಕಿಲ್ಲ. ಮಾನಿಟರ್ ಎರಡಿರಲಿ, ನಾಲ್ಕಿರಲಿ, ಕೀಬೋರ್ಡಿನ ಫೋಕಸ್, ಅಂದರೆ ಟೈಪ್ ಮಾಡಿದ್ದು ಹೋಗಿ ಸೇರುವ ಜಾಗ, ಒಂದು ಹೊತ್ತಿಗೆ ಒಂದೇ ವಿಂಡೋಗೆ ಇರುತ್ತದೆ. ಕಣ್ಣು ಎಲ್ಲಿದೆ ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಮೌಸ್ ಕರ್ಸರ್ ಎಲ್ಲಿದೆ ಎಂಬುದು ಗೊತ್ತು, ಆದರೆ ಕ್ಲಿಕ್ ಮಾಡುವ ತನಕ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದಾರಿ ತಪ್ಪಿಸುವುದು ಸ್ಕ್ರಾಲ್. ವಿಂಡೋಸ್ 10 ಮತ್ತು 11ರಲ್ಲಿ ಫೋಕಸ್ ಇಲ್ಲದ ವಿಂಡೋ ಮೇಲೆ ಕರ್ಸರ್ ಇಟ್ಟು ಚಕ್ರ ತಿರುಗಿಸಿದರೂ ಪುಟ ಸರಿಯುತ್ತದೆ. ಪುಟ ಸರಿಯಿತಲ್ಲ, ಇಲ್ಲೇ ಟೈಪ್ ಆಗುತ್ತದೆ ಎಂದು ಕೈ ನಂಬುತ್ತದೆ. ಪದೇ ಪದೇ ಮೋಸ ಹೋಗುವವರು ಸೆಟ್ಟಿಂಗ್ಸ್ > ಬ್ಲೂಟೂತ್ ಆ್ಯಂಡ್ ಡಿವೈಸಸ್ > ಮೌಸ್‌ಗೆ ಹೋಗಿ 'ಸ್ಕ್ರಾಲ್ ಇನ್‌ಆ್ಯಕ್ಟಿವ್ ವಿಂಡೋಸ್' ಆಯ್ಕೆಯನ್ನು ಆಫ್ ಮಾಡಬಹುದು. ಆದರೆ ಒಂದು ಕಡೆ ಓದುತ್ತ ಇನ್ನೊಂದು ಕಡೆ ಬರೆಯುವವರಿಗೆ ಅದು ಒಳ್ಳೆಯ ಸೌಲಭ್ಯ, ಕಳೆದುಕೊಳ್ಳಬೇಡಿ. ಅದರ ಬದಲು ಫೋಕಸ್ ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳಿ.

ಸೆಟ್ಟಿಂಗ್ಸ್ > ಪರ್ಸನಲೈಸೇಶನ್ > ಕಲರ್ಸ್‌ನಲ್ಲಿ ಕೆಳಗಡೆ, ಟೈಟಲ್ ಬಾರ್ ಮತ್ತು ಅಂಚಿಗೆ ಆ್ಯಕ್ಸೆಂಟ್ ಬಣ್ಣ ತೋರಿಸುವ ಸ್ವಿಚ್ ಇದೆ. ಆನ್ ಮಾಡಿ, ಗಾಢ ಕೇಸರಿಯಂಥ ಎದ್ದು ಕಾಣುವ ಬಣ್ಣ ಆರಿಸಿ. ಫೋಕಸ್ ಇರುವ ವಿಂಡೋಗಷ್ಟೇ ಆ ಬಣ್ಣ ಬರುತ್ತದೆ. ತಮ್ಮದೇ ಟೈಟಲ್ ಬಾರ್ ಇಟ್ಟುಕೊಂಡಿರುವ ಆ್ಯಪ್‌ಗಳಲ್ಲಿ ಬರೀ ಅಂಚಿನ ತೆಳು ಗೆರೆ ಸಿಗಬಹುದು, ಅದೂ ಇಲ್ಲದ್ದಕ್ಕಿಂತ ವಾಸಿ. ಜೊತೆಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್‌ನಲ್ಲಿ ಟಾಸ್ಕ್‌ಬಾರನ್ನು ಎಲ್ಲ ಡಿಸ್‌ಪ್ಲೇಗಳಲ್ಲೂ ತೋರಿಸುವಂತೆ ಮಾಡಿ, ಅದರ ಕೆಳಗಿನ ಪಟ್ಟಿಯಲ್ಲಿ 'ಟಾಸ್ಕ್‌ಬಾರ್ ವೇರ್ ವಿಂಡೋ ಈಸ್ ಓಪನ್' ಆರಿಸಿ. ಆಗ ಯಾವ ಸ್ಕ್ರೀನಿನ ವಿಂಡೋ ಆ ಸ್ಕ್ರೀನಿನ ಪಟ್ಟಿಯಲ್ಲೇ ಕಾಣುತ್ತದೆ.

ಮೌಸ್ ಮುಟ್ಟದೆ ಫೋಕಸ್ ಬದಲಿಸುವುದೇ ಹೆಚ್ಚು ನಂಬಿಕೆಯ ದಾರಿ. ದಿನವೂ ಬಳಸುವ ನಾಲ್ಕೈದು ಆ್ಯಪ್‌ಗಳನ್ನು ಟಾಸ್ಕ್‌ಬಾರಿಗೆ ಸಾಲಾಗಿ ಪಿನ್ ಮಾಡಿ. ವಿಂಡೋಸ್ ಕೀ ಹಿಡಿದು 1 ಒತ್ತಿದರೆ ಮೊದಲನೆಯದು, 2 ಒತ್ತಿದರೆ ಎರಡನೆಯದು. ಆ್ಯಪ್ ಯಾವ ಮಾನಿಟರ್‌ನಲ್ಲಿದ್ದರೂ ಫೋಕಸ್ ಅಲ್ಲಿಗೇ ಹೋಗುತ್ತದೆ. ಒಂದೇ ಆ್ಯಪಿನ ಹಲವು ವಿಂಡೋ ತೆರೆದಿದ್ದರೆ ಕಂಟ್ರೋಲ್ ಕೀಯನ್ನೂ ಸೇರಿಸಿ ಒತ್ತಿ, ಕೊನೆಗೆ ಬಳಸಿದ ವಿಂಡೋ ಎದುರಿಗೆ ಬರುತ್ತದೆ. ವಿಂಡೋವನ್ನೇ ಪಕ್ಕದ ಮಾನಿಟರ್‌ಗೆ ದಾಟಿಸಲು ವಿಂಡೋಸ್ + ಶಿಫ್ಟ್ + ಎಡ ಅಥವಾ ಬಲ ಬಾಣ. ಫೋಕಸ್ ಅದರ ಜೊತೆಗೇ ಹೋಗುತ್ತದೆ. ಬಾಣ ಒತ್ತಿದ ದಿಕ್ಕಿಗೆ ಬದಲು ಇನ್ನೆಲ್ಲೋ ಹೋದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1, 2 ಚೌಕಗಳು ಮೇಜಿನ ಮೇಲಿನ ಕ್ರಮದಲ್ಲಿಲ್ಲ ಎಂದರ್ಥ. 'ಐಡೆಂಟಿಫೈ' ಒತ್ತಿ ನೋಡಿ, ಎಳೆದು ಸರಿಮಾಡಿ. ಚೌಕಗಳ ಅಂಚು ಮೇಲೆ ಕೆಳಗೆ ಹೊಂದದಿದ್ದರೆ ಕರ್ಸರ್ ಮೂಲೆಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು.

ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡುವವರಿಗೆ ಇನ್ನೊಂದು ಕಿರಿಕಿರಿ ಇದೆ. ವರ್ಡ್‌ನಲ್ಲಿ ಕನ್ನಡ ಬರೆಯುತ್ತಿದ್ದು, ಪಕ್ಕದ ಬ್ರೌಸರಿಗೆ ಹೋಗಿ ವಿಳಾಸ ಹೊಡೆದರೆ ಅದೂ ಕನ್ನಡ ಅಕ್ಷರದಲ್ಲಿ ಬರುತ್ತದೆ, ಏಕೆಂದರೆ ಕೀಬೋರ್ಡ್ ಭಾಷೆ ಸಾಮಾನ್ಯವಾಗಿ ಎಲ್ಲ ವಿಂಡೋಗೂ ಒಂದೇ. ಸೆಟ್ಟಿಂಗ್ಸ್ > ಟೈಮ್ ಆ್ಯಂಡ್ ಲ್ಯಾಂಗ್ವೇಜ್ > ಟೈಪಿಂಗ್ > ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಆ್ಯಪ್ ವಿಂಡೋಗೆ ಬೇರೆ ಇನ್‌ಪುಟ್ ಮೆಥಡ್ ಬಳಸುವ ಚೌಕಕ್ಕೆ ಟಿಕ್ ಹಾಕಿ. ಪ್ರತಿ ವಿಂಡೋದಲ್ಲೂ ಒಮ್ಮೆ ವಿಂಡೋಸ್ + ಸ್ಪೇಸ್ ಒತ್ತಿ ಭಾಷೆ ಆರಿಸಿ. ಅಲ್ಲಿಂದ ಫೋಕಸ್ ಹೋದಲ್ಲಿಗೆ ಭಾಷೆಯೂ ಹಿಂಬಾಲಿಸುತ್ತದೆ. ವಿಂಡೋ ಮುಚ್ಚಿ ತೆರೆದರೆ ಮತ್ತೆ ಆರಿಸಬೇಕಾಗಬಹುದು.

ಕ್ಲಿಕ್ಕೇ ಬೇಡ, ಕರ್ಸರ್ ಇಟ್ಟಲ್ಲಿ ಫೋಕಸ್ ಬರಲಿ ಎನ್ನುವವರಿಗೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಈಸ್ ಆಫ್ ಆ್ಯಕ್ಸೆಸ್ ಸೆಂಟರ್‌ನಲ್ಲಿ, ಮೌಸ್ ಸುಲಭಗೊಳಿಸುವ ಪುಟದೊಳಗೆ 'ಆ್ಯಕ್ಟಿವೇಟ್ ಎ ವಿಂಡೋ ಬೈ ಹೋವರಿಂಗ್' ಇದೆ. ಆದರೆ ಅದು ವಿಂಡೋವನ್ನು ಮೇಲಕ್ಕೂ ಎತ್ತುತ್ತದೆ. ಒಂದರ ಮೇಲೊಂದು ವಿಂಡೋ ಪೇರಿಸಿಕೊಂಡವರಿಗೆ ಇದು ಹುಚ್ಚು ಹಿಡಿಸುತ್ತದೆ. ಪಕ್ಕಪಕ್ಕ ಹೊಂದಿಸಿಟ್ಟವರಿಗೆ ಮಾತ್ರ ಸರಿ. ಮೇಜು ಅಲುಗಿ ಮೌಸ್ ಸರಿದರೂ ಫೋಕಸ್ ಹಾರಬಹುದು ಎಂಬುದು ನೆನಪಿರಲಿ.

ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಇದನ್ನು ಚೆನ್ನಾಗಿ ಮಾಡುತ್ತದೆ. ಟ್ವೀಕ್ಸ್ ಆ್ಯಪಿನ ವಿಂಡೋಸ್ ಪುಟದಲ್ಲಿ 'ಫೋಕಸ್ ಆನ್ ಹೋವರ್' ಆರಿಸಿ, ಫೋಕಸ್ ಬಂದಾಗ ಮೇಲೆತ್ತುವ ಸ್ವಿಚ್ ಆಫ್ ಇಡಿ. ಅದರ ಪಕ್ಕದ 'ಫೋಕಸ್ ಫಾಲೋಸ್ ಮೌಸ್' ಬೇಡ: ಕರ್ಸರ್ ಖಾಲಿ ಡೆಸ್ಕ್‌ಟಾಪ್ ಮೇಲೆ ಬಂದರೆ ಅದು ವಿಂಡೋದಿಂದ ಫೋಕಸ್ ಕಿತ್ತುಕೊಳ್ಳುತ್ತದೆ, ಅರ್ಧ ಬರೆದ ವಾಕ್ಯ ಅಲ್ಲಿಗೇ ನಿಲ್ಲುತ್ತದೆ.