ಸೆಲ್ಫ್ ಹೊಡೆದ್ರೆ ಬರೀ ಟಿಕ್: ಹಳೆ ಔಟ್‌ಬೋರ್ಡ್ ಮೋಟಾರಿನ ಜೊತೆ ನನ್ನ ಒದ್ದಾಟ

ಉಡುಪಿ ಹತ್ರದ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಎರಡೂ ಹೊಳೆ ಸೇರಿ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುದು, ಇಳಿತದ ಹೊತ್ತಿಗೆ ಅಲ್ಲಿ ನೀರಿನ ಎಳೆತ ಎಂಥದ್ದು ಅಂತ ನೋಡಿದವ್ರಿಗೇ ಗೊತ್ತು. ಅಂಥ ಜಾಗದ ಹತ್ರ ಲಂಗರು ಹಾಕಿ ಗಾಳ ಬಿಟ್ಟು ಕೂತಿದ್ದೆವು ನಾನು ಮತ್ತೆ ಭಾವ, ನಾಲ್ಕು ಕಾಣೆ ಮೀನು ಸಿಕ್ಕಿತ್ತು, ಸಾಕು ಹೋಗುವ ಅಂತ ಕೀ ತಿರುಗಿಸಿದ್ರೆ ದೋಣಿಯ ಹಿಂದೆ ಕಟ್ಟಿದ ಔಟ್‌ಬೋರ್ಡ್ ಮೋಟಾರ್ ಟಿಕ್ ಅಂತು ಅಷ್ಟೇ. ಇನ್ನೊಂದು ಸರ್ತಿ ತಿರುಗಿಸಿದೆ, ಟಿಕ್. ಕಡೆಗೆ ಹುಡ್ ತೆಗೆದು ಫ್ಲೈವೀಲಿಗೆ ಹಗ್ಗ ಸುತ್ತಿ ಭಾವ ಎಳೆದದ್ದು, ಆರೇಳು ಎಳೆತಕ್ಕೆ ಸ್ಟಾರ್ಟ್ ಆಯ್ತು, ಎರಡು ದಿನ ಅವನ ಭುಜ ಮೇಲೆ ಬರ್ಲಿಲ್ಲ. 40 ಎಚ್‌ಪಿ ಮಾರ್ರೆ, ಎಂತ ತಮಾಷೆಯಾ.

ಮೋಟಾರ್ ಟೂ ಸ್ಟ್ರೋಕ್, ನಾನು ಸೆಕೆಂಡ್ ಹ್ಯಾಂಡ್ ತಗೊಂಡದ್ದು, ವಯಸ್ಸು ಕೇಳ್ಬೇಡಿ. ನಮ್ಮ ಕಡೆ ನಾಡದೋಣಿಯವ್ರ ಮೋಟಾರ್ ಹೆಚ್ಚಿನದ್ದೆಲ್ಲ ಹಗ್ಗ ಎಳೆಯುವಂಥದ್ದು, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ಹಾಕುದು. ಹಾಗಾಗಿ ಕಾರ್ಬುರೇಟರ್, ಪ್ಲಗ್ ಅಂದ್ರೆ ಮಲ್ಪೆಯಲ್ಲಿ ಕಣ್ಣು ಮುಚ್ಚಿ ರಿಪೇರಿ ಮಾಡುವವ್ರು ಇದ್ದಾರೆ, ಸೆಲ್ಫ್ ಅಂದ ಕೂಡ್ಲೇ ಮಾತ್ರ "ಅದು ಯಾಕೆ ನಿಮ್ಗೆ, ಹಗ್ಗ ಎಳೀರಿ" ಅಂತಾರೆ. ಹಾಗಾಗಿ ನಾನೇ ಕೈ ಹಾಕಿದೆ.

ಮೊದಲು ದಡ್ಡತನದ ಕಥೆ ಹೇಳ್ತೇನೆ. ಟಿಕ್ ಅಂದ್ರೆ ಬ್ಯಾಟರಿ ವೀಕ್ ಅಂತ ಎಲ್ರೂ ಹೇಳುದು, ನಾನೂ ಹೊಸ ಬ್ಯಾಟರಿ ತಂದು ಹಾಕಿದೆ. ಹಾಕಿದ ಕೂಡ್ಲೇ ಸರಿಯಾಯ್ತು, ಎರಡು ಭಾನುವಾರ ಚಂದ ಓಡ್ತು, ಮೂರನೇದಕ್ಕೆ ಮತ್ತೆ ಟಿಕ್. ಹಾಗಾದ್ರೆ ರಿಲೇ (ಕೀ ತಿರುಗಿಸಿದಾಗ ಟಿಕ್ ಅಂದು ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಹೋಗಿದೆ ಅಂತ ರಿಲೇ ಬದಲಾಯಿಸಿದೆ, ಮತ್ತೆ ಸರಿಯಾಯ್ತು, ವಾರ ಕಳೆದು ಮತ್ತೆ ಅದೇ. ಆಮೇಲೆ ಸೆಲ್ಫ್ ಮೋಟಾರನ್ನೇ ಬಿಚ್ಚಿ ಉಡುಪಿಯಲ್ಲಿ ಒಂದು ವೈಂಡಿಂಗ್ ಅಂಗಡಿಗೆ ಕೊಟ್ಟೆ, ಕಾರ್ಬನ್ ಬ್ರಷ್ ಹೊಸದು ಹಾಕಿ, ಪಿನಿಯನ್ (ಮೇಲೆ ಹಾರಿ ಫ್ಲೈವೀಲನ್ನು ತಿರುಗಿಸುವ ಸಣ್ಣ ಹಲ್ಲಿನ ಚಕ್ರ) ಸುತ್ತ ಗ್ರೀಸ್ ಚೆನ್ನಾಗಿ ಮೆತ್ತಿ ಕೊಟ್ರು. (ಅಲ್ಲಿ ದಪ್ಪ ಗ್ರೀಸ್ ಹಾಕ್ಲಿಕ್ಕಿಲ್ಲ, ಧೂಳು ಕೂತು ಅಂಟಾಗಿ ಪಿನಿಯನ್ ಮೇಲೆ ಹಾರುದೇ ಇಲ್ಲ, ಒಂದೆರಡು ಹನಿ ತೆಳು ಆಯಿಲ್ ಸಾಕು. ಅದನ್ನೆಲ್ಲ ಒರೆಸ್ಲಿಕ್ಕೆ ನನಗೆ ಅರ್ಧ ಗಂಟೆ.) ಅದನ್ನು ಕೂರಿಸಿದ ಮೇಲೂ ನಾಲ್ಕು ದಿನ ಸರಿ, ಐದನೇ ದಿನ ಟಿಕ್.

ಪ್ರತಿ ಸಲ ಎಂತಾದ್ರೂ ಬದಲಾಯಿಸಿದ್ರೆ ಸರಿಯಾಗುದು, ಮತ್ತೆ ಕೆಡುದು. ಇದು ನನ್ನ ಮಂಡೆ ತಿಂದದ್ದು ಹೆಚ್ಚು. ಇದ್ರ ಮೇಲೆ ಇನ್ನೊಂದು, ಕೆಲವು ಸಲ ಟಿಕ್ಕೂ ಇಲ್ಲ, ಕೀ ತಿರುಗಿಸಿದ್ರೆ ಸತ್ತ ಹಾಗೆ ಸುಮ್ನೆ. ನಾನು ಎರಡೂ ಒಂದೇ ಕಾಯಿಲೆ ಅಂತ ತಿಳ್ಕೊಂಡು ಹುಡುಕ್ತಾ ಇದ್ದೆ, ಅದೇ ತಪ್ಪಾದದ್ದು. ಟಿಕ್ ಬಂತು ಅಂದ್ರೆ ಕೀಯಿಂದ ರಿಲೇವರೆಗಿನ ಸಣ್ಣ ವೈರಿನ ಲೈನ್ ಕೆಲಸ ಮಾಡಿದೆ, ತೊಂದರೆ ದಪ್ಪ ಕೇಬಲಿನ ಕಡೆ, ಇಲ್ಲದಿದ್ರೆ ಸೆಲ್ಫ್ ಮೋಟಾರಲ್ಲಿ. ಟಿಕ್ಕೇ ಇಲ್ಲ ಅಂದ್ರೆ ಫ್ಯೂಸ್, ಕೀ ಸ್ವಿಚ್, ನ್ಯೂಟ್ರಲ್ ಸ್ವಿಚ್ (ಗೇರ್ ನ್ಯೂಟ್ರಲಲ್ಲಿ ಇದ್ರೆ ಮಾತ್ರ ಸೆಲ್ಫ್ ಹೊಡೀಲಿಕ್ಕೆ ಬಿಡುವಂಥದ್ದು), ರಿಲೇ ಕಾಯಿಲ್ ಈ ಕಡೆ ನೋಡ್ಬೇಕು.

ಕಡೆಗೆ ಒಂದು ಶನಿವಾರ ದೋಣಿಯನ್ನು ದಡಕ್ಕೆ ಎಳೆದು ಮಲ್ಟಿಮೀಟರ್ ಹಿಡ್ಕೊಂಡು ಕೂತೆ. ಮೊದಲು ಪೆಟ್ರೋಲ್ ಟ್ಯಾಂಕಿನ ಪೈಪ್ ತೆಗೆದು ದೂರ ಇಟ್ಟೆ, ವಾಸನೆ ಪೂರ್ತಿ ಹೋಗುವ ತನಕ ಕಾದೆ, ಮೋಟಾರ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ತೆಗೆದಿಟ್ಟೆ. ಹಗ್ಗ ತೆಗೆದ್ರೆ ನನ್ನ ಮೋಟಾರಲ್ಲಿ ಸೆಲ್ಫ್ ತಿರುಗ್ತದೆ, ಸ್ಪಾರ್ಕ್ ಬರುದಿಲ್ಲ, ಹಾಗಾಗಿ ನೀರಿಲ್ಲದೆ ಸ್ಟಾರ್ಟ್ ಆಗಿ ವಾಟರ್ ಪಂಪಿನ ಇಂಪೆಲ್ಲರ್ (ನೀರೆಳೆಯುವ ರಬ್ಬರ್ ಚಕ್ರ) ಸುಟ್ಟು ಹೋಗುವ ಹೆದರಿಕೆ ಇಲ್ಲ. ಸೆಲ್ಫ್ ಕೂಡ ಐದು ಸೆಕೆಂಡಿಗಿಂತ ಜಾಸ್ತಿ ಹೊಡೀಲಿಲ್ಲ, ನಡುವೆ ಒಂದೆರಡು ನಿಮಿಷ ಬಿಟ್ಟೆ.

ಸುಮ್ನೆ ಇರುವಾಗ ಬ್ಯಾಟರಿ 12.6 ವೋಲ್ಟ್, ಫುಲ್ ಚಾರ್ಜ್. ಭಾವನ ಹತ್ರ ಕೀ ಹಿಡಿದಿರ್ಲಿಕ್ಕೆ ಹೇಳಿ, ಟಿಕ್ ಅಂದಾಗ್ಲೇ ಬ್ಯಾಟರಿ ತುದಿಗೆ ಮೀಟರ್ ಇಟ್ರೆ 12.2. ಇಲ್ಲಿ ನನಗೆ ಟ್ಯೂಬ್‌ಲೈಟ್ ಹತ್ತಿದ್ದು. ಬ್ಯಾಟರಿ ನಿಜವಾಗಿ ವೀಕ್ ಇದ್ರೆ ಲೋಡ್ ಬಿದ್ದಾಗ ಎಂಟೋ ಒಂಬತ್ತೋ ವೋಲ್ಟಿಗೆ ಕುಸೀಬೇಕು, ಇದು ಜಗ್ಗುದೇ ಇಲ್ಲ. ಅಂದ್ರೆ ಸೆಲ್ಫಿಗೆ ಬೇಕಾದಷ್ಟು ಕರೆಂಟ್ ಹೋಗ್ತಾನೇ ಇಲ್ಲ, ಎಲ್ಲೋ ನಡುವೆ ಅಡ್ಡ ಉಂಟು.

ಸೆಲ್ಫ್ ಮೋಟಾರಿನ ದಪ್ಪ ನಟ್ಟಿಗೂ ಅದರದ್ದೇ ಬಾಡಿಗೂ ಅಳೆದೆ, ಕೀ ತಿರುಗಿಸಿದಾಗ ಬರೀ 4.1. ಉಳಿದ ಎಂಟು ವೋಲ್ಟ್ ಎಲ್ಲಿ ಹೋಯ್ತು? ಈಗ ಪಾಸಿಟಿವ್ ಕಡೆ: ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಸೆಲ್ಫಿನ ನಟ್ಟಿಗೆ, ಕೀ ತಿರುಗಿಸಿದ್ರೆ 0.4. ಅರ್ಧ ವೋಲ್ಟಿನ ಒಳಗೆ ಇದ್ರೆ ಪರ್ವಾಗಿಲ್ಲ, ರಿಲೇ ಸೇರಿ ಆ ದಾರಿ ಚೊಕ್ಕ ಉಂಟು. ಮತ್ತೆ ನೆಗೆಟಿವ್: ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬಾಡಿಗೆ ಪೇಂಟ್ ಕೆರೆದು ಒತ್ತಿ ಹಿಡಿದೆ. 7.7! ಅಲ್ಲಿ ಬರ್ಬೇಕಾದ್ದು 0.2, 0.3. ಭಾವನಿಗೆ ಮೀಟರ್ ತೋರಿಸಿ ಕೂಗಿದೆ, ಅವನು "ಹಾಗಂದ್ರೆ ಎಂತ" ಅಂತ ಕೇಳಿದ, ಇರ್ಲಿ.

ನಂಬಿಕೆ ಬರ್ಲಿಕ್ಕೆ ಅವನ ಕಾರಿನ ಜಂಪರ್ ಕೇಬಲ್ ತಂದು ಬ್ಯಾಟರಿ ಮೈನಸ್ಸಿನಿಂದ ಸೀದಾ ಎಂಜಿನ್ ಬಾಡಿಗೆ ಕಚ್ಚಿಸಿದೆ. ಕೀ ತಿರುಗಿಸಿದ್ರೆ ಸೆಲ್ಫ್ ಹೊಸ ಗಾಡಿಯ ಹಾಗೆ ತಿರುಗ್ತು. ಜಂಪರ್ ತೆಗೆದ್ರೆ ಮತ್ತೆ ಟಿಕ್. ಮೂಲ ನೆಗೆಟಿವ್ (ಅರ್ಥಿಂಗ್) ಕೇಬಲನ್ನು ಕೈಯಲ್ಲಿ ಹಿಡಿದು ನೋಡಿದ್ರೆ ಎಂಜಿನ್ ಕಡೆಯ ಲಗ್ಗಿನಿಂದ (ಕೇಬಲಿನ ತುದಿಗೆ ಒತ್ತಿದ, ಬೋಲ್ಟ್ ಹಾಕುವ ತೂತಿನ ತುಂಡು) ಒಂದು ಗೇಣು ಜಾಗ ಬಿಸಿ ಬಿಸಿ. ಹೊರಗಿಂದ ಆ ಕೇಬಲ್ ಎಷ್ಟು ಚಂದ ಅಂದ್ರೆ, ರಬ್ಬರ್ ಫಳಫಳ, ಲಗ್ಗನ್ನು ನಾನೇ ಎರಡು ಸಲ ಸ್ಯಾಂಡ್‌ಪೇಪರಲ್ಲಿ ಉಜ್ಜಿದ್ದೆ. ಬ್ಲೇಡಲ್ಲಿ ರಬ್ಬರ್ ಸೀಳಿದ್ರೆ ಒಳಗೆ ತಾಮ್ರ ಅಲ್ಲ, ಹಸಿರು ಹುಡಿ, ನಡುವೆ ಹತ್ತಿಪ್ಪತ್ತು ಎಳೆ ಕಪ್ಪಾಗಿ ಉಳಿದದ್ದು. ಲಗ್ಗಿನ ಬಾಯಲ್ಲಿ ಉಪ್ಪು ನೀರು ಇಳಿದು ಒಳಗೊಳಗೇ ತಿಂದು ಹಾಕಿದೆ.

ಬ್ಯಾಟರಿ ಬದಲಾಯಿಸಿದಾಗ, ರಿಲೇ ಬಿಚ್ಚಿದಾಗ, ಸೆಲ್ಫ್ ಇಳಿಸಿದಾಗ, ಪ್ರತಿ ಸಲ ಇದೇ ಕೇಬಲನ್ನು ನಾನು ಎಳೆದಾಡಿದ್ದೆ. ಎಳೆದಾಗ ಆ ಉಳಿದ ಎಳೆ ಒಂದಕ್ಕೊಂದು ತಾಗಿ ಸರಿಯಾಗುದು, ದೋಣಿ ನಾಲ್ಕು ದಿನ ಕುಲುಕಿದ್ರೆ ಮತ್ತೆ ಬಿಡುದು. ಹೊಸ ಬ್ಯಾಟರಿ, ಹೊಸ ರಿಲೇ, ಹೊಸ ಕಾರ್ಬನ್ ಮೂರಕ್ಕೂ ನಾನು ಸುಮ್ನೆ ಸಲಾಂ ಹೊಡೆದದ್ದು.

ಟಿನ್ ಕೋಟಿಂಗ್ ಇರುವ ತಾಮ್ರದ ಕೇಬಲ್ ಸಿಕ್ಕಿದ್ರೆ ಅದೇ ಹಾಕ್ಬೇಕು, ಉಪ್ಪಿಗೆ ತಡೀತದೆ. ನನಗೆ ಆ ದಿನ ಸಿಗ್ಲಿಲ್ಲ, 25 ಸ್ಕ್ವೇರ್ ಎಂಎಂನ ತಾಮ್ರದ ವೆಲ್ಡಿಂಗ್ ಕೇಬಲ್ ತಂದು, ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜದೆ ಹೈಡ್ರಾಲಿಕ್ ಕ್ರಿಂಪಿಂಗ್ ಇರುವ ಅಂಗಡಿಯಲ್ಲಿ ಒತ್ತಿಸಿ, ಅದರ ಮೇಲೆ, ಒಳಗೆ ಗಮ್ ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿದೆ. ನೀರು ಇಳಿಯುದು ಆ ಬಾಯಲ್ಲೇ, ಅಲ್ಲಿ ಜಿಪುಣತನ ಮಾಡ್ಬೇಡಿ. ಪಾಸಿಟಿವ್ ಕೇಬಲಿಗೂ ಅಷ್ಟೇ ವಯಸ್ಸಾಗಿದೆ ಅಂತ ಅದನ್ನೂ ಬದಲಾಯಿಸಿದೆ. ಬ್ಯಾಟರಿಯಲ್ಲಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್, ಇಲ್ಲದಿದ್ರೆ ಸ್ಪಾನರ್ ಎಲ್ಲಿಯಾದ್ರೂ ತಾಗಿ ಕಿಡಿ ಹಾರ್ತದೆ.

ಈಗ ಸೆಲ್ಫ್ ತಿರುಗುವಾಗ ಬ್ಯಾಟರಿ 10.9ಕ್ಕೆ ಇಳೀತದೆ. ಕೆಟ್ಟಿದ್ದಾಗ 12.2, ಸರಿಯಾದ ಮೇಲೆ 10.9, ಭಾವನಿಗೆ ಇದು ಈಗ್ಲೂ ಅರ್ಥ ಆಗುದಿಲ್ಲ. ಈಗ ಕರೆಂಟ್ ನಿಜವಾಗಿ ಹೋಗ್ತಾ ಉಂಟಲ್ಲ, ಅದಕ್ಕೆ ಜಗ್ಗುದು.

ಆ ಇನ್ನೊಂದು ಕಾಯಿಲೆ, ಟಿಕ್ಕೇ ಬಾರದ್ದು, ಅದು ಸುಲಭದಲ್ಲಿ ಸಿಕ್ಕಿತು. ಕೀ ತಿರುಗಿಸಿ ಹಿಡಿದುಕೊಂಡು ಗೇರ್ ಲಿವರನ್ನು ನ್ಯೂಟ್ರಲಲ್ಲೇ ಒಂದು ಚೂರು ಆಚೀಚೆ ಅಲ್ಲಾಡಿಸಿದ್ರೆ ಸೆಲ್ಫ್ ಹಿಡೀತಿತ್ತು. ಕಂಟ್ರೋಲ್ ಬಾಕ್ಸ್ ಬಿಚ್ಚಿದ್ರೆ ನ್ಯೂಟ್ರಲ್ ಸ್ವಿಚ್ಚಿಗೆ ಉಪ್ಪು ಹಿಡಿದು ಸರಿ ಒತ್ತುತ್ತಾ ಇರ್ಲಿಲ್ಲ, ಕ್ಲೀನ್ ಮಾಡಿ ಸ್ಕ್ರೂ ಸ್ವಲ್ಪ ಸರಿಸಿ ಕೂರಿಸಿದೆ. ಪಕ್ಕದ ದೋಣಿಯ ಅಣ್ಣ "ಎರಡು ವೈರ್ ಸೇರಿಸಿ ಬಿಡು ಮಾರಾಯ, ತಲೆನೋವೇ ಇಲ್ಲ" ಅಂದ್ರು. ಚೆಕ್ ಮಾಡ್ಲಿಕ್ಕೆ ಒಂದು ನಿಮಿಷ ಸೇರಿಸಿದ್ದು ಹೌದು, ಹಾಗೇ ಬಿಡ್ಲಿಲ್ಲ, ಗೇರಲ್ಲಿ ಇರುವಾಗ ಸ್ಟಾರ್ಟ್ ಆಗಿ ದೋಣಿ ಹಾರಿದ್ರೆ ಎದುರಲ್ಲಿ ನಿಂತವ ನೀರಲ್ಲಿ.

ಮಳೆಗಾಲ ಮುಗಿದು ದೋಣಿ ಇಳಿಸುವ ಮೊದಲು ಆ ನೆಗೆಟಿವ್ ಕಡೆ ಈಗ ಒಂದು ಸಲ ಅಳೆದು ಹುಡ್ಡಿನ ಒಳಗೆ ಮಾರ್ಕರಲ್ಲಿ ಬರೆದಿಡ್ತೇನೆ. ಹೊಸತರಲ್ಲಿ 0.15 ಇತ್ತು, ಕಳೆದ ಸರ್ತಿ 0.25, ಲಗ್ ಬಿಚ್ಚಿ ಉಜ್ಜಿ ಟೈಟ್ ಮಾಡಿದ್ಮೇಲೆ ಮತ್ತೆ 0.15. ವೀಕ್ ಅಂತ ತೆಗೆದುಹಾಕಿದ ಹಳೆ ಬ್ಯಾಟರಿ ಭಾವನ ಕಾರಲ್ಲಿ ಉಂಟು, ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್.